ಮದಾಮರ ಕೊನೆಯ ಜೋಡು

ಬಟ್ಟೆಯ ಕಪಾಟಿನಲ್ಲಿ, ರೇಷ್ಮೆ ವಸ್ತ್ರಗಳ ನಡುವೆ, ಒಂದು ಜೋಡು ಇತ್ತು. ಕಾಲಿಗೆ ಹಾಕುವ ಜೋಡು! ನಮ್ಮ ಆಳಂದದ ಕಡೆ ಚಪ್ಪಲಿ ಹೊಸ್ತಿಲು ದಾಟಿದರೆ ಅತ್ತೆ ಮನೆಯೆಲ್ಲ ತೊಳೆಸುತ್ತಿದ್ದರು. ಪುಣೆಯ ಮನೆಗೆಲಸದ ಮೊದಲ ದಿನವೇ ಅದನ್ನು ಕಂಡು ಕಪಾಟು ಮುಚ್ಚಿ ಕೈ ತೊಳೆದುಕೊಂಡೆ.

ಅದು ಎಪ್ಪತ್ತರ ದಶಕದ ಕೊನೆ. ನನ್ನ ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಬಂದವರು. ಯೆರವಡಾದಲ್ಲಿ ನಮಗೆ ಸಿಕ್ಕಿದ್ದು ಪತ್ರಾ ಖೋಲಿ, ಅಂದರೆ ತಗಡಿನ ಕೋಣೆ. ಊರಲ್ಲಿ ಕೂಗಿದರೆ ನಾಲ್ಕು ಮನೆಯವರು ಓಡಿ ಬರುತ್ತಿದ್ದರು. ಇಲ್ಲಿ ಗೋಡೆಯಾಚೆ ಕೆಮ್ಮುವವರ ಹೆಸರೂ ಗೊತ್ತಿರಲಿಲ್ಲ. ತರಕಾರಿ, ಕಸಬರಿಗೆ, ನೀರು ಎನ್ನುವಷ್ಟು ಮರಾಠಿ ಕಲಿಯಲು ಒಂದು ವರ್ಷ ಹಿಡಿಯಿತು. ಬಾಯ್ತುಂಬ ಮಾತಾಡುತ್ತಿದ್ದವಳು ಮೂಕಿಯಾಗಿದ್ದೆ.

ನನ್ನ ಯಜಮಾನಿ ಫ್ರಾನ್ಸಿನವರು. ಎಲ್ಲರಂತೆ ನಾನೂ ಮದಾಮ್ ಎನ್ನುತ್ತಿದ್ದೆ. ಅವರ ಮರಾಠಿಯೂ ನನ್ನದರಷ್ಟೇ. ಇಬ್ಬರದೂ ಅಲ್ಲದ ಆ ಭಾಷೆಯಲ್ಲಿ ಅವರ ಬದುಕನ್ನು ಚೂರುಚೂರಾಗಿ ಕೇಳಿದೆ. ಎಂಟು ವರ್ಷಕ್ಕೇ ಪ್ಯಾರಿಸಿನ ನಾಟ್ಯಶಾಲೆ ಸೇರಿದ್ದು, ಕಾಲ್ಬೆರಳ ತುದಿಯ ಮೇಲೆ ಕುಣಿಯುವ ಬ್ಯಾಲೆಯಲ್ಲಿ ದೊಡ್ಡ ಹೆಸರು ಮಾಡಿದ್ದು, ಮೊಣಕಾಲು ಕೆಟ್ಟ ಮೇಲೆ ಯಾರೂ ಬಾಗಿಲು ತಟ್ಟದೆ ಹೋದದ್ದು. ಯೋಗದಿಂದ ವಾಸಿಯಾದೀತೆಂದು ಪುಣೆಗೆ ಬಂದವರು ಇಲ್ಲೇ ಉಳಿದರು.  ಅವರ ಪಾದದ ಬೆರಳುಗಳು ಹಸಿ ಶುಂಠಿಯ ಹಾಗೆ ಗಂಟುಗಂಟು.

ಆರೇಳು ವರ್ಷಗಳ ನಂತರ ಆ ಕಾಲು ಸ್ವಲ್ಪ ಮಾತು ಕೇಳತೊಡಗಿತು. ಸಾಯುವುದರೊಳಗೆ ಒಂದು ಸಲ, ಐದೇ ನಿಮಿಷ, ಕುಣಿಯಬೇಕೆಂದರು. ಒಂದು ಸಭಾಗೃಹದಲ್ಲಿ ಅದಕ್ಕೆ ದಿನ ಗೊತ್ತುಮಾಡಿದರು. ಬೆರಳ ತುದಿಯ ಮೇಲೆ ನಿಲ್ಲಲು ಬೇಕಾದ ಜೋಡುಗಳಲ್ಲಿ ಉಳಿದದ್ದು ಕಪಾಟಿನ ಅದೊಂದೇ. ಅವರ ಪಾದದ ಅಳತೆಗೆ ಅದನ್ನು ಮಾಡುತ್ತಿದ್ದ ಮುದುಕ ತೀರಿಹೋಗಿದ್ದ.

ಕಾರ್ಯಕ್ರಮದ ಹಿಂದಿನ ದಿನ ಬೆಳಿಗ್ಗೆ ಉಡುಪು ಇಟ್ಟು ಬರಲು ಸಭಾಗೃಹಕ್ಕೆ ಹೋದೆ. ರಂಗಕ್ಕೆ ಪೂಜೆ ಮಾಡಿ ಕಾಯಿ ಒಡೆಯುವ ಜಾಗ ಅದು. "ಚಪ್ಪಲ್ ಘಾಲೂನ್ ನಾಹೀ," ಚಪ್ಪಲಿ ಹಾಕಿಕೊಂಡು ಹತ್ತುವ ಹಾಗಿಲ್ಲ ಎಂದರು ಅಲ್ಲಿನ ವ್ಯವಸ್ಥಾಪಕರು. ಅದು ನನಗೂ ಸರಿಯೇ ಅನ್ನಿಸಿತು. ಆದರೂ ಕೈಮುಗಿದು ಬೇಡಿದೆ. ಕೊನೆಗೆ, ಧೂಳು ಮಣ್ಣು ಇಲ್ಲದ ಸ್ವಚ್ಛ ಜೋಡಾದರೆ ನೋಡೋಣ ಎಂದರು.

ಮದಾಮ್‌ಗೆ ಹೇಳಿ ನೋಯಿಸುವುದೇಕೆ ಎಂದುಕೊಂಡೆ. ಮಧ್ಯಾಹ್ನ ಅವರು ಮಲಗಿದ್ದಾಗ ಜೋಡನ್ನು ಸಾಬೂನು ನೀರಲ್ಲಿ ನೆನೆಹಾಕಿ, ಉಜ್ಜಿ, ಮಾಳಿಗೆಯ ಬಿಸಿಲಿಗೆ ಇಟ್ಟೆ. ಅದರ ತುದಿ ಅಷ್ಟು ಗಟ್ಟಿ ಇದ್ದದ್ದರಿಂದ ಒಳಗೆ ಕಟ್ಟಿಗೆ ಇದೆ ಎಂದೇ ತಿಳಿದಿದ್ದೆ. ಇದ್ದದ್ದು ಬಟ್ಟೆ ಮತ್ತು ಅಂಟು. ಸಂಜೆಗೆ ಅದು ಕರಗಿ ಮೆತ್ತಗಾಗಿ ಬಿದ್ದಿತ್ತು.

ಮದಾಮ್ ತುದಿಯನ್ನು ಬೆರಳಿಂದ ಒತ್ತಿ ನೋಡಿದರು. "ಆತಾ ಸಂಪಲಂ," ಅಂದರು. ಇನ್ನು ಮುಗಿಯಿತು ಅಂತ. ಇಂಥ ತಪ್ಪಿಗೆ ಕ್ಷಮೆ ಕೇಳುವಷ್ಟು ಮರಾಠಿ ನನ್ನಲ್ಲಿರಲಿಲ್ಲ. "ತಪ್ಪಾತ್ರೀ ಅವ್ವಾ, ನಂದ ತಪ್ಪು," ಎಂದು ಕನ್ನಡದಲ್ಲೇ ಅತ್ತೆ. ಅವರು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಕ್ಷಮಿಸಿದರೋ ಶಪಿಸಿದರೋ ಇವತ್ತಿಗೂ ತಿಳಿಯದು.

"ಒಂದು ಜೋಡಿಗೆ ಇಷ್ಟ್ಯಾಕ ಅಳ್ತಿ? ಹೊಸಾದು ತರಸ್ಕೋತಾರ ಬಿಡು," ಅಂದರು ರಾತ್ರಿ ಮನೆಯಲ್ಲಿ ನನ್ನ ಗಂಡ.

"ಅದನ್ನ ಮಾಡಾಂವ ಸತ್ತಾನ್ರೀ."

ಮದಾಮ್ ಕುಣಿಯಲಿಲ್ಲ. ನನ್ನನ್ನು ಕೆಲಸದಿಂದ ಬಿಡಿಸಲೂ ಇಲ್ಲ, ಬಿಡಿಸಿದ್ದರೆ ಹಗುರವಾಗುತ್ತಿತ್ತು. ಎರಡು ವರ್ಷ ದಿನವೂ ಆ ಪಾದಗಳಿಗೆ ಎಣ್ಣೆ ಹಚ್ಚಿದೆ. ಆಮೇಲೆ ಅವರು ಎದೆಯ ಕಾಯಿಲೆಯಿಂದ ತೀರಿಕೊಂಡರು. ಫ್ರಾನ್ಸಿನಿಂದ ಯಾರೂ ಬರಲಿಲ್ಲ. ಅವರನ್ನು ಪುಣೆಯಲ್ಲೇ ಮಣ್ಣು ಮಾಡಿದೆವು. ನಮ್ಮವರಲ್ಲೂ ಮಣ್ಣು ಮಾಡುವುದರಿಂದ ಅದೊಂದು ಮಾತ್ರ ನನಗೆ ಹೊಸದೆನಿಸಲಿಲ್ಲ.

ಈಗ ಗಂಡ ಊರಿಗೆ ಹೊರಟು ನಿಂತಿದ್ದಾರೆ. "ಇಲ್ಲಿ ನಮ್ಮವ್ರು ಅಂತ ಯಾರದಾರ? ನಡಿ ಹೋಗೂಣು," ಅನ್ನುತ್ತಾರೆ. ನಿಜ, ನನ್ನ ಬಳಗವೆಲ್ಲ ಅಲ್ಲೇ ಇದೆ, ನನಗೂ ಹೋಗುವ ಆಸೆಯಿದೆ. ಆದರೆ ನಾನು ಉತ್ತರ ಕೊಡಬೇಕಾದವರು ಇಲ್ಲಿ ಮಲಗಿದ್ದಾರೆ.