ಕೆಂಪು ವೈನಿಗೆ ಒದ್ದೆ ಕಂಬಳಿ

ರಾಯದುರ್ಗದ ಬೆಟ್ಟದ ನೆರಳು ಇನ್ನೂ ಮನೆಗಳ ಮೇಲಿಂದ ಸರಿದಿಲ್ಲ. ಬುಡದ ಓಣಿಯ ಕಲ್ಲುಮನೆಯೊಂದರ ಹಿತ್ತಲಲ್ಲಿ ತಿಪ್ಪೇಸ್ವಾಮಿ ಕರಿಕಂಬಳಿಯೊಂದನ್ನು ನೀರಿನ ತೊಟ್ಟಿಯಿಂದ ಎತ್ತಿ ಹಿಂಡುತ್ತಿದ್ದಾರೆ. ಹೆಚ್ಚು ಹಿಂಡಿದರೆ ಮಧ್ಯಾಹ್ನದೊಳಗೆ ಒಣಗುತ್ತದೆ, ಕಡಿಮೆ ಹಿಂಡಿದರೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಹದ ಕೈಗೆ ಗೊತ್ತು. ಕಂಬಳಿಯನ್ನು ಹೆಗಲಿಗೇರಿಸಿಕೊಳ್ಳುವ ಹೊತ್ತಿಗೆ ಹಾಲಿನ ಕ್ಯಾನು ಹೊತ್ತ ಆಂಜನೇಯ ಗೋಡೆಯಾಚೆ ಸೈಕಲ್ ನಿಲ್ಲಿಸುತ್ತಾನೆ.

"ಏನಪಾ ತಿಪ್ಪೇಸಾಮಿ, ಬೆಳಿಗ್ಗೆನೇ ಸುರು ಆತೇನು?"

"ಆತು. ನೀ ಹಾಲಿಗೆ ನೀರು ಹಾಕೋದು ಮುಗೀತೇನು?"

ಸೈಕಲ್ ಮುಂದೆ ಹೋಗುತ್ತದೆ. ತಿಪ್ಪೇಸ್ವಾಮಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ದಿನಾ ಇದೊಂದೇ ಮಾತು ಕೇಳ್ತಾನ್ರಿ. ಒಂದು ದಿನನಾದ್ರೂ ಬ್ಯಾರೆ ಏನಾರ ಕೇಳ್ತಾನ ಅಂತ ಕಾದೆ. ಕೇಳಂಗಿಲ್ಲ ಅವ."

ಮೆಟ್ಟಿಲಿಳಿದರೆ ನೆಲಮಾಳಿಗೆ. ಒಂದು ಕಾಲಕ್ಕೆ ಶೇಂಗಾ ಬೀಜದ ಮೂಟೆಗಳಿದ್ದ ಜಾಗ. ಈಗ ಮರದ ಅಟ್ಟಣಿಗೆಗಳ ಮೇಲೆ ನಾನೂರರಷ್ಟು ಬಾಟಲಿಗಳು ಅಡ್ಡಡ್ಡ ಮಲಗಿವೆ. ಒಳಗಿರುವುದು ಕೆಂಪು ವೈನ್, ಬಹುಪಾಲು ಫ್ರಾನ್ಸಿನದು. ತೀರ ಹಳೆಯದು 1982ರ ದ್ರಾಕ್ಷಿಯದು. ಇವುಗಳ ಮಾಲೀಕ, ಈ ಮನೆಯ ಮಗ ಯೋಗೀಶ ಊರಲ್ಲಿ ಜೀನ್ಸ್ ಹೊಲಿಯುವ ಘಟಕ ನಡೆಸುತ್ತಾರೆ. ಬಟ್ಟೆ ವ್ಯಾಪಾರಕ್ಕೆಂದು ಹೊರದೇಶಕ್ಕೆ ಹೋದಾಗ ಹತ್ತಿದ ಗೀಳು ಇದು. ಹರಾಜಿನಲ್ಲಿ ಕೊಳ್ಳುವುದು, ವರ್ಷಗಟ್ಟಲೆ ಇಡುವುದು, ಬೆಲೆ ಬಂದಾಗ ಹರಾಜಿಗೇ ಕಳಿಸುವುದು. ಸಂಗ್ರಹಕ್ಕೆ ಪಡೆದ ಪರವಾನಗಿಯ ನಕಲು ಬಾಗಿಲ ಹಿಂದೆ ಅಂಟಿಸಿದೆ.

ಇಂಥ ವೈನನ್ನು ಇಡುವುದೇ ದೊಡ್ಡ ತಲೆನೋವು. ಬಾಟಲಿಯನ್ನು ಮಲಗಿಸಿಯೇ ಇಡಬೇಕು; ಬಾಯಿಗೆ ಹೊಡೆದ ಬೆಂಡಿನ ಬಿರಡೆ (ಕಾರ್ಕ್) ಒಣಗಿದರೆ ಗಾಳಿ ಹೊಕ್ಕು ವೈನ್ ಹುಳಿಯುತ್ತದೆ. ತಂಪಿಗೆಂದು ಎ.ಸಿ. ಹಾಕಿದರೆ ಅದು ಕೋಣೆಯ ತೇವವನ್ನೆಲ್ಲ ಹೀರುತ್ತದೆ. ಯೋಗೀಶ ಮೊದಲು ಒದ್ದೆ ಗೋಣಿತಟ್ಟು ತೂಗುಹಾಕಿಸಿದರು, ನಾರಿತು. ಬೆಡ್‌ಶೀಟ್ ಹಾಕಿಸಿದರು, ಒಂದೆರಡು ಗಂಟೆಯಲ್ಲಿ ಒಣಗಿತು. ಆಮೇಲೆ ಯಾರೋ ಕಂಬಳಿಯ ಮಾತೆತ್ತಿದರು. ಉಣ್ಣೆ ನೀರು ಹಿಡಿದಿಟ್ಟುಕೊಂಡು ದಿನವಿಡೀ ನಿಧಾನಕ್ಕೆ ಬಿಡುತ್ತದೆ, ಕರೆಂಟು ಹೋದರೆ ಬಾಗಿಲಿನಿಂದ ಬರುವ ಬಿಸಿಯನ್ನೂ ತಡೆಯುತ್ತದೆ.

ತಿಪ್ಪೇಸ್ವಾಮಿ ಕಣೇಕಲ್ಲು ರಸ್ತೆಯ ಹಳ್ಳಿಯೊಂದರ ಕುರಿಗಾರ ಮನೆತನದವರು, ಕಂಬಳಿ ನೇಯುವವರು. ವಯಸ್ಸು ಐವತ್ತೆಂಟು. ಮಿಲ್ಲಿನ ರಗ್ಗುಗಳು ಸಂತೆಗೆ ಬಂದ ಮೇಲೆ ಕರಿಕಂಬಳಿ ಕೇಳುವವರು ಇಲ್ಲವಾದರು. ಜೀನ್ಸ್ ಉಜ್ಜಿ ಮಾಸಲು ಮಾಡುವ ಶೆಡ್ಡಿನಲ್ಲಿ ಕೆಲವು ವರ್ಷ ದುಡಿದರು. ಆ ಧೂಳಿಗೆ ಉಬ್ಬಸ ಹಿಡಿಯಿತು. ಬಿಟ್ಟು ಮನೆಯಲ್ಲಿ ಕೂತಿದ್ದಾಗ ಯೋಗೀಶರ ಕಡೆಯಿಂದ ಕರೆ ಬಂತು. ಕಂಬಳಿ ಕೊಡಲು ಹೋದವರು ಕೋಣೆ ಕಾಯಲು ಉಳಿದರು.

ಮೊದಲ ಕಂಬಳಿಯೂ ಸರಿಹೋಗಲಿಲ್ಲ. ನೇಯುವ ಮುಂಚೆ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುವುದು ವಾಡಿಕೆ. ನೀರು ಬಿದ್ದದ್ದೇ ತಡ, ಅದರ ಹುಳಿವಾಸನೆ ಕೋಣೆ ತುಂಬಿತು. ಈಗ ಅವರು ಹೊಸ ಕಂಬಳಿಯನ್ನು ಅಂಟುವಾಳದ ಕಾಯಿ ಹಾಕಿ ಒಗೆದು, ವಾಸನೆ ಪೂರ್ತಿ ಹೋದ ಮೇಲೆಯೇ ತರುತ್ತಾರೆ. ಸದಾ ಒದ್ದೆಯಾಗಿರುವ ಕಂಬಳಿ ಬೇಗ ಜೀರ್ಣವಾಗುತ್ತದೆ. ಹಾಗಾಗಿ ಅವರ ಮಗ್ಗ ನಿಂತಿಲ್ಲ. ಅದಕ್ಕೆ ಉಳಿದಿರುವ ಗಿರಾಕಿ ಈ ನೆಲಮಾಳಿಗೆಯೊಂದೇ. ಬಾಟಲಿಗಳು ಇಲ್ಲಿಂದ ಹೋದರೆ ಅವರ ಸಂಬಳದ ಜೊತೆಗೆ ಮಗ್ಗವೂ ಹೋಗುತ್ತದೆ.

ಕೆಲಸ ಕಷ್ಟದ್ದಲ್ಲ, ಜನ ಕಷ್ಟ ಎನ್ನುತ್ತಾರೆ ತಿಪ್ಪೇಸ್ವಾಮಿ. ಯೋಗೀಶರ ಸ್ನೇಹಿತರು ಬಂದರೆ ಬಾಟಲಿ ಎತ್ತಿ, ಬೆಳಕಿಗೆ ಹಿಡಿದು, ಒಮ್ಮೆ ಅಲ್ಲಾಡಿಸಿಯೇ ಇಡಬೇಕು. ತಳದಲ್ಲಿ ಕೂತ ಗಸಿ ಕದಡುತ್ತದೆ. "ಮುಟ್ಟಬ್ಯಾಡ್ರಿ ಅಂದ್ರ ಹೂಂ ಅಂತಾರ, ಹೂಂ ಅಂತನೇ ಮುಟ್ತಾರ. ಇಟ್ಟಾಗನಾದ್ರೂ ಮಲಗಿಸಿ ಇಡ್ತಾರಾ? ನಿಲ್ಲಿಸಿ ಹೋಗ್ತಾರ." ಮನೆಯಲ್ಲೂ ಸುಖವಿರಲಿಲ್ಲ. ಹೆಂಡತಿ ಮೈಲಾರಮ್ಮ ಮೊದಮೊದಲು ದಿನಾ ಸಂಜೆ ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸುತ್ತಿದ್ದರು. "ಮೂಸಿ ಮೂಸಿ ಸಾಕಾತು. ಬರೀ ಒದ್ದಿ ಕುರಿ ವಾಸನಿ" ಎಂದು ಅವರೇ ನಗುತ್ತಾರೆ.

ಇಷ್ಟನ್ನೆಲ್ಲ ತಿಪ್ಪೇಸ್ವಾಮಿ ಸಹಿಸಿಕೊಂಡಿದ್ದಾರೆ. ಹೋದ ವರ್ಷದ ಆಯುಧಪೂಜೆಯನ್ನು ಮಾತ್ರ ಅವರಿಗೆ ಮರೆಯಲಾಗಿಲ್ಲ.

ಮನೆಯ ಯಜಮಾನಿ ಯೋಗೀಶರ ತಾಯಿ ಬಸಲಿಂಗಮ್ಮ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಬೀಜದ ವ್ಯಾಪಾರ ಮಾಡುತ್ತಿದ್ದ ಗಂಡ ತಿಪ್ಪೇರುದ್ರಪ್ಪ ತೀರಿಕೊಂಡ ಮೇಲೆ ನೆಲಮಾಳಿಗೆಯನ್ನು ಮಗನಿಗೆ ಬಿಟ್ಟುಕೊಟ್ಟವರು ಅವರೇ. ಈ ಮನೆಯಲ್ಲಿ ಒಂದು ಬಾಟಲಿಯ ಬಿರಡೆಯೂ ಬಿಚ್ಚಕೂಡದೆಂಬ ಷರತ್ತು ಹಾಕಿದ್ದರು. ಯೋಗೀಶ ಅದನ್ನು ಮೀರಿಲ್ಲ. ಹಬ್ಬದ ಬೆಳಿಗ್ಗೆ ತಿಪ್ಪೇಸ್ವಾಮಿ ತಮ್ಮ ಮಗ್ಗದ ಪೂಜೆಗೆ ಹಳ್ಳಿಗೆ ಹೊರಟಾಗ ಬಸಲಿಂಗಮ್ಮ ಬೀಗದ ಕೈ ಕೇಳಿದರು. ಬಾಗಿಲಿಗಷ್ಟೇ ಪೂಜೆ ಎಂದಿದ್ದರು. ಇವರು ಕೊಟ್ಟು ಹೋದರು.

ಸಂಜೆ ಬಂದು ನೋಡಿದರೆ, ಮುಂದಿನ ಸಾಲಿನ ಒಂದೊಂದು ಬಾಟಲಿಯ ಲೇಬಲ್ಲಿನ ಮೇಲೂ ಅಚ್ಚುಕಟ್ಟಾಗಿ ಮೂರು ಬೆರಳಿನ ವಿಭೂತಿ ಗೆರೆ. ಮುಂಬೈಯ ಹರಾಜಿಗೆಂದು ಆರಿಸಿಟ್ಟಿದ್ದ ಹನ್ನೆರಡು ಬಾಟಲಿಗಳೂ ಅದೇ ಸಾಲಿನಲ್ಲಿದ್ದವು. ಹಳೆಯ ವೈನಿಗೆ ಲೇಬಲ್ಲೇ ಮುಖ. ಅದು ಕೆಟ್ಟರೆ ಬೆಲೆ ಬೀಳುತ್ತದೆ.

"ಅವ್ವಾರ, ಏನ್ ಮಾಡಿದ್ರಿ ಇದು?"

"ಏನ್ ಮಾಡ್ದೆ? ಮನ್ಯಾಗ ದುಡಿಯೋ ಎಲ್ಲಾದಕ್ಕೂ ವಿಭೂತಿ ಬೀಳಬೇಕು. ತಕ್ಕಡಿಗೆ ಹಚ್ಚೀನಿ, ಮಿಷನ್ನಿಗೆ ಹಚ್ಚೀನಿ."

"ಇದು ದುಡಿಯಂಗಿಲ್ಲಲ್ರಿ, ಮಲಗಿರ್ತೈತಿ."

"ಮಲಗಿದ್ದಲ್ಲೇ ರೊಕ್ಕ ಬೆಳಸ್ತೈತಿ ಅಂತ ನನ್ನ ಮಗನೇ ಹೇಳ್ಯಾನ. ನಿನ್ನ ಕೂಡ ಯಾಕ ವಾದ?"

ಯೋಗೀಶ ಬಂದರು, ಕೂಗಾಡಿದರು, ಒಂದು ಒಣಬಟ್ಟೆ ತರಿಸಿದರು. ಬಟ್ಟೆ ಹಿಡಿದು ಬಾಟಲಿಯ ಮುಂದೆ ನಿಂತವರು ನಿಂತೇ ಇದ್ದರು. ಮೆಟ್ಟಿಲ ಮೇಲೆ ತಾಯಿ ನೋಡುತ್ತಿದ್ದಾರೆ. ಬಟ್ಟೆಯನ್ನು ತಿಪ್ಪೇಸ್ವಾಮಿಯ ಕೈಗೆ ಕೊಟ್ಟರು. "ನಾ ಒರಸಂಗಿಲ್ರಿ. ದೇವರ ವಿಭೂತಿ. ಒರಸಿದ ಬಟ್ಟೀನ ಎಲ್ಲಿ ಒಗೀಲಿ, ಚರಂಡಿಗಾ?" ಎಂದು ಇವರು ತಿರುಗಿ ಕೊಟ್ಟರು. ಆ ಬಟ್ಟೆ ಮೂರು ಸಲ ಕೈ ಬದಲಾಯಿಸಿತು. ಕೊನೆಗೆ ಯಾರೂ ಒರೆಸಲಿಲ್ಲ.

ಪರಿಶೀಲನೆಗೆ ಬಂದ ಹರಾಜು ಸಂಸ್ಥೆಯ ಶ್ರೀಲತಾ ಮೂಲತಃ ಅನಂತಪುರದವರು. ಬಾಟಲಿಯ ಹತ್ತಿರಕ್ಕೆ ಟಾರ್ಚ್ ಹಿಡಿದು ಬೂಷ್ಟು ಹಿಡಿದಿದೆಯೆಂದೇ ಗಾಬರಿಯಾದರು. "ಏಮಂಡಿ, ಇದಿ ಬೂಜಾ?" ಎಂದು ತೆಲುಗಿನಲ್ಲಿ ಕೇಳಿದರು.

"ಕಾದಮ್ಮಾ, ವಿಭೂತಿ" ಎಂದು ಅಲ್ಲಗಳೆದರು ತಿಪ್ಪೇಸ್ವಾಮಿ, ನೆಲ ನೋಡುತ್ತ.

ಶ್ರೀಲತಾ ಚೀಲದಿಂದ ಮೆತ್ತನೆಯ ಕುಂಚ ತೆಗೆದು, ಬಿಳಿಹಾಳೆಯ ಮೇಲೆ ಬೀಳುವಂತೆ ಬೂದಿಯನ್ನು ಸವರಿ ಇಳಿಸಿದರು. ಎಂಟು ಲೇಬಲ್ ಉಳಿದವು. ನಾಲ್ಕರಲ್ಲಿ ಒದ್ದೆ ಬೆರಳಿನ ಕಲೆ ಕೂತುಬಿಟ್ಟಿತ್ತು, ಅವು ಹರಾಜಿಗೆ ಹೋಗಲಿಲ್ಲ. ಬಟ್ಟೆಯಿಂದ ಉಜ್ಜಿದ್ದರೆ ಅಕ್ಷರವೇ ಅಳಿಸಿ ಹನ್ನೆರಡೂ ಹೋಗುತ್ತಿದ್ದವು ಎಂದರು. ತಿಪ್ಪೇಸ್ವಾಮಿಗೆ ಅಕ್ಷರದ ಚಿಂತೆ ಆಗ ಇರಲೇ ಇಲ್ಲ. ಹಾಳೆಯನ್ನು ಇಸಿದುಕೊಂಡು, ಮಡಿಸಿ, ಅದರಲ್ಲಿದ್ದ ವಿಭೂತಿಯನ್ನು ಹಿತ್ತಲಿನ ಕಣಗಿಲೆ ಗಿಡದ ಬುಡಕ್ಕೆ ಹಾಕಿದರು.

ಅಂದು ಯೋಗೀಶ ಹೇಳಿದ ಮಾತು ಇಂದಿಗೂ ತಲೆಯ ಮೇಲೆ ತೂಗುತ್ತಿದೆ. ಮುಂದಿನ ಹಬ್ಬಕ್ಕೆ ಒಂದೇ ಒಂದು ಗೆರೆ ಕಂಡರೂ ಬಾಟಲಿಗಳೆಲ್ಲ ಬೆಂಗಳೂರಿನ ಗೋದಾಮಿಗೆ, ತಿಪ್ಪೇಸ್ವಾಮಿ ಮನೆಗೆ. ಹಬ್ಬ ಮತ್ತೆ ಹತ್ತಿರ ಬಂದಿದೆ. ಹೊಸದಾಗಿ ಆರಿಸಿದ ಬಾಟಲಿಗಳು ಮುಂದಿನ ಸಾಲಿಗೆ ಬಂದಿವೆ. ಬೀಗದ ಕೈ ಅವ್ವನಿಗೆ ಕೊಡಬೇಡ ಎಂದು ಮಗ ಹೇಳುತ್ತಾರೆ. ನನ್ನ ಮನೆಯ ಬಾಗಿಲಿಗೆ ನಾನು ಪೂಜೆ ಮಾಡಬಾರದೇ ಎಂದು ತಾಯಿ ಕೇಳುತ್ತಾರೆ.

"ಇಬ್ರೂ ನನ್ನ ಕೂಡೇ ಮಾತಾಡ್ತಾರ. ಒಬ್ರಿಗೊಬ್ರು ಆಡಂಗಿಲ್ಲ. ಒಂದೇ ಮನ್ಯಾಗ ಉಣ್ತಾರ, ಬಾಯಿ ಬ್ಯಾರೆ ಕಡೆ ಐತೇನ್ರಿ ಇವರಿಗೆ?" ತಿಪ್ಪೇಸ್ವಾಮಿ ಕಂಬಳಿಯ ಅಂಚನ್ನು ಮೊಳೆಗೆ ಸಿಕ್ಕಿಸುತ್ತ ಗೊಣಗುತ್ತಾರೆ. ಬಸಲಿಂಗಮ್ಮ ಕೈಚಾಚಿ ಕೇಳಿದರೆ ಇಲ್ಲ ಎನ್ನಲು ತನ್ನಿಂದಾಗದೆಂಬುದು ಅವರಿಗೆ ಗೊತ್ತು. ಹೋದ ವಾರ ಧೈರ್ಯ ಮಾಡಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಅವ್ವಾರ, ಈ ಸಲ ನಾ ಹಳ್ಳಿಗೆ ಹೋಗಂಗಿಲ್ಲ. ನನ್ನ ಮಗ್ಗದ ಲಾಳಿ, ಹಣಿಗಿ ಇಲ್ಲಿಗೇ ತರ್ತೀನಿ. ಬಾಗಲ ಮುಂದ ಕಂಬಳಿ ಹಾಸಿ ಇಡ್ತೀನಿ. ಅದಕ್ಕ ಹಚ್ರಿ, ನಿಮಗ ಎಷ್ಟು ಬೇಕೋ ಅಷ್ಟು."

ಬಸಲಿಂಗಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ಮತ್ತ ಒಳಗಿನದಕ್ಕ?"

"ಕಂಬಳಿ ಇಲ್ಲಂದ್ರ ಒಳಗಿಂದು ಉಳಿಯಂಗಿಲ್ಲ. ಲಾಳಿ ಇಲ್ಲಂದ್ರ ಕಂಬಳಿ ಇಲ್ಲ. ಲಾಳಿಗೆ ಹಚ್ಚಿದ್ರ ಎಲ್ಲಾದಕ್ಕೂ ಹಚ್ಚಿದಂಗ ಅಲ್ಲೇನ್ರಿ?"

"ನೀ ವಕೀಲ ಆಗಬೇಕಿತ್ತು ನೋಡು." ಅವರು ಸೋಸಿದ ಸೊಪ್ಪನ್ನು ಎತ್ತಿಕೊಂಡು ಒಲೆಯ ಕಡೆ ಹೋದರು. ಇವರು ಇನ್ನು ಕಥೆ ಮುಗಿಯಿತೆಂದು ಹಿತ್ತಲಿಗೆ ಬಂದು ತೊಟ್ಟಿ ತುಂಬಿಸತೊಡಗಿದಾಗ ಒಳಗಿನಿಂದ ದನಿ ಬಂತು. "ಲಾಳಿ ತೊಳದು ತಾ. ಉಣ್ಣಿ ಎಳಿ ಸಿಕ್ಕೊಂಡಿರ್ತೈತಿ ಅದರಾಗ."

ಅದನ್ನು ಒಪ್ಪಿಗೆಯೆಂದೇ ತಿಪ್ಪೇಸ್ವಾಮಿ ತಿಳಿದಿದ್ದಾರೆ. ಆದರೂ ಹಬ್ಬದ ದಿನ ಬಾಗಿಲ ಮುಂದಿನಿಂದ ಕದಲುವುದಿಲ್ಲವಂತೆ, ಊಟವನ್ನೂ ಮೈಲಾರಮ್ಮ ಅಲ್ಲಿಗೇ ತರಬೇಕಂತೆ. ಬಾಟಲಿಗಳು ಹರಾಜಿನಲ್ಲಿ ಎಷ್ಟಕ್ಕೆ ಹೋಗುತ್ತವೆ ಎಂದು ಅವರು ಈವರೆಗೆ ಕೇಳಿಲ್ಲ, ಕೇಳುವ ಆಸೆಯೂ ಇಲ್ಲ. ಬೇಕಾದದ್ದು ಇಷ್ಟೇ.

"ಹಬ್ಬದ ಮರುದಿನ ಬಾಗಲ ತೆಗದ್ರ ಎಲ್ಲಾ ಹೆಂಗ ಮಲಗಿದ್ವೋ ಹಂಗ ಮಲಗಿರ್ಲಿ. ನಮ್ಮ ಅಪ್ಪ ಬಿಟ್ಟುಹೋದ ಲಾಳಿಗೆ ಸಾವ್ಕಾರ್ರ ಮನಿ ಅವ್ವಾರು ಕೈಯಾರೆ ವಿಭೂತಿ ಹಚ್ತಾರ. ಅದನ್ನ ಯಾರೂ ಕುಂಚ ತಗಂಡು ಬಂದು ಉದುರಿಸಂಗಿಲ್ಲ."