ಓಟಕ್ಕೊಂದು ಕಂಬಳಿ

ವಯಸ್ಸಿನ ಮಿತಿಯಿಂದಾಗಿ ಪೊಲೀಸ್ ಕೆಲಸಕ್ಕೆ ಅದೇ ನನ್ನ ಕೊನೆಯ ಅವಕಾಶ. ಲಿಖಿತ ಪರೀಕ್ಷೆ ಪಾಸಾಗಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ದಾವಣಗೆರೆಯ ಮೈದಾನದಲ್ಲಿ ನಾನೂರು ಮೀಟರ್ ಓಡಿ ತೋರಿಸಬೇಕಿತ್ತು. ಹಿಂದಿನ ಸಲ ನಾಲ್ಕೇ ನಾಲ್ಕು ಸೆಕೆಂಡು ತಡವಾಗಿ ಫೇಲಾಗಿ ಮನೆಗೆ ವಾಪಸಾಗಿದ್ದೆ.

ನಾನು ಸಾಸ್ವೆಹಳ್ಳಿಯ ಹೊಳೆಯ ಕಡೆಯವಳು. ಮದುವೆಯಾಗಿ ಬಂದದ್ದು ಬಿಳಿಚೋಡಿನ ಹತ್ತಿರ, ಕುರಿ ಸಾಕುತ್ತಿದ್ದ ಮನೆಗೆ. ಇಲ್ಲಿನ ಬಯಲಲ್ಲಿ ಬೆಳಗಿನ ಗಾಳಿಗೆ ಅಡ್ಡ ಅನ್ನುವುದೇ ಇಲ್ಲ. ಅದಕ್ಕೇ ಜಗಳೂರಿಗೆ ಹೋಗಿ ದಪ್ಪ ಸ್ವೆಟರ್, ಮಂಕಿ ಕ್ಯಾಪ್, ಕೈಗವಸು ಎಲ್ಲಾ ತಂದೆ. ಅವನ್ನು ಹಾಕಿಕೊಂಡು ನಿಂತರೆ ನಮ್ಮ ಯಜಮಾನರು, “ಓಡಾಕೆ ಹೊಂಟೀಯೋ, ಹಿಮಾಲಯ ಹತ್ತಾಕೆ ಹೊಂಟೀಯೋ?” ಎಂದು ನಕ್ಕರು. ಅತ್ತೆ ನಗಲಿಲ್ಲ, ಏನೂ ಅನ್ನಲೂ ಇಲ್ಲ. ಸೊಸೆ ಪ್ಯಾಂಟು ಹಾಕಿಕೊಂಡು ರಸ್ತೆಯಲ್ಲಿ ಓಡುವುದು ಅವರಿಗೆ ಹಿಡಿಸಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ. ನನಗೋ ಮೂಗಿನ ತುದಿಯಲ್ಲೇ ಕೋಪ. ನಾನೂ ಮಾತು ಬಿಟ್ಟೆ.

ಆಗ ಮೆಕ್ಕೆಜೋಳದ ಕಾಲ. ಅರ್ಧ ರಸ್ತೆಯಲ್ಲಿ ಜೋಳ ಒಣಗಲು ಹರವಿ, ಅಂಚಿಗೆ ಕಲ್ಲು ಇಟ್ಟಿರುತ್ತಿದ್ದರು. ಉಳಿದರ್ಧದಲ್ಲಿ ನಾನು. ಎರಡು ಸುತ್ತಿಗೇ ಸ್ವೆಟರ್ ಬೆವರಿನಲ್ಲಿ ತೊಯ್ದು ತೊಪ್ಪೆಯಾಗುತ್ತಿತ್ತು. ಮೋರಿ ಕಟ್ಟೆಯ ಮೇಲೆ ಗಾಳಿಗೆ ಮುಖವೊಡ್ಡಿ ಹಾಗೇ ಕೂತು ಸುಧಾರಿಸಿಕೊಳ್ಳುತ್ತಿದ್ದೆ. ಎರಡನೇ ವಾರಕ್ಕೆ ಜ್ವರ, ಎದೆ ಕಿತ್ತುಬರುವಂಥ ಕೆಮ್ಮು. ಹತ್ತು ದಿನ ಹಾಸಿಗೆ ಹಿಡಿದೆ. ಈ ಸಲವೂ ಹೋಯಿತಲ್ಲ ಎಂದು ಗೋಡೆಗೆ ಮುಖ ಮಾಡಿ ಅತ್ತೆಗೆ ಕಾಣದಂತೆ ಅಳುತ್ತಿದ್ದೆ.

ಅವರಿಗೆ ಕಂಡಿತ್ತು. ಮೆಣಸಿನ ಕಷಾಯ ತಂದು ಪಕ್ಕದಲ್ಲಿ ಕೂತರು.

“ಅಳೋದು ಬಿಡವ್ವ. ಓಡುವಾಗ ಎಲ್ಲಾ ಹೊದ್ಕಂತೀಯ, ನಿಂತ ಮ್ಯಾಲೆ ಒದ್ದೆ ಮೈಯಾಗೆ ಗಾಳಿಗೆ ಕುಂತ್ಕಂತೀಯ. ಜ್ವರ ಬರದೆ ಇನ್ನೇನು ಬರ್ತೈತೆ? ಕುರಿ ಕಾಯೋರ್ನ ನೋಡಿಲ್ಲೇನು? ನಡೆಯುವಾಗ ಕಂಬಳಿ ಹೆಗಲ ಮ್ಯಾಲೆ, ನಿಂತಾಗ ಮೈ ಮ್ಯಾಲೆ.”

“ಮೊದಲೇ ಹೇಳಬಾರದಿತ್ತಾ ಅತ್ತೆ?”

“ನೀನು ಕೇಳಿದ್ಯೇನು? ಓದಿದಾಕಿ, ಪ್ಯಾಟಿಯಿಂದ ಅಷ್ಟೆಲ್ಲ ತಂದೀಯ, ಗೊತ್ತಿದ್ದೇ ತಂದಿರ್ತಾಳೆ ಅಂದ್ಕಂಡೆ.”

ಮತ್ತೆ ಅಳು ಬಂತು. ಆದರೆ ಎದೆಯ ಮೇಲಿನ ಭಾರ ಅರ್ಧ ಇಳಿದಿತ್ತು. ಅವರು ನನ್ನ ಓಟಕ್ಕೆ ವಿರೋಧವಾಗಿರಲೇ ಇಲ್ಲ! ಇಷ್ಟು ದಿನ ನಾನೊಬ್ಬಳೇ ಸುಮ್ಮಸುಮ್ಮನೆ ಜಗಳವಾಡಿಕೊಂಡಿದ್ದೆ.

ಕೆಮ್ಮು ನಿಂತ ಮೇಲೆ ತೆಳ್ಳನೆಯ ಹತ್ತಿ ಅಂಗಿಯಲ್ಲಿ ಹೊರಟೆ. ಮೊದಲ ನೂರು ಹೆಜ್ಜೆ ಹಲ್ಲು ಕಟಕಟ ಅನ್ನುತ್ತಿದ್ದವು, ಆಮೇಲೆ ಮೈ ತಾನೇ ಬಿಸಿಯಾಗುತ್ತಿತ್ತು. ಅತ್ತೆ ದಿನಾ ಮೋರಿ ಕಟ್ಟೆಯ ಮೇಲೆ ಮಾವನವರ ಕರಿ ಕಂಬಳಿ ಇಟ್ಟುಕೊಂಡು ಕೂರುತ್ತಿದ್ದರು. ನಾನು ನಿಂತ ಕೂಡಲೇ ಅದನ್ನು ಹೊದಿಸಿಬಿಡುವರು. ಚುಚ್ಚುವ ಉಣ್ಣೆ, ಕುರಿಯ ವಾಸನೆ. ಮೊದಮೊದಲು ಮೂಗು ಮುರಿದೆ, ಆಮೇಲೆ ಆ ಕಂಬಳಿಗಾಗಿಯೇ ಜೋರಾಗಿ ಓಡತೊಡಗಿದೆ.

ಜೋಳ ಕೆದಕುತ್ತಿದ್ದವನೊಬ್ಬ, “ಏನ್ ಯಜಮಾನಮ್ಮ, ಸೊಸೇನ ಕಾಯಾಕೆ ಕುಂತೀರೇನು?” ಎಂದು ಕಿಚಾಯಿಸಿದ.

“ಹ್ಞೂಂ ಕಣಪ್ಪ. ಕುರಿ ಮಾರಿದ್ವಲ್ಲ, ಇನ್ನೇನು ಕಾಯ್ಲಿ?”

ಪರೀಕ್ಷೆಯ ದಿನ ಕಂಬಳಿಯನ್ನು ಚೀಲಕ್ಕೆ ತುರುಕಿಕೊಂಡು ಅವರೂ ಬಸ್ ಹತ್ತಿದರು. ಮೈದಾನದೊಳಗೆ ಬಿಡದ ಕಾರಣ ಗೇಟಿನಾಚೆಯೇ ನಿಂತರು. ನಾನು ಹೇಗೆ ಓಡಿದೆನೋ ನೆನಪಿಲ್ಲ. ಗಡಿಯಾರ ಹಿಡಿದಿದ್ದ ಮೇಡಂ ಪಟ್ಟಿಯಲ್ಲಿ ಗುರುತು ಹಾಕಿ, “ಪಾಸು, ಆ ಕಡೆ ಹೋಗಿ” ಎಂದದ್ದಷ್ಟೇ ಕೇಳಿಸಿತು. ಉಳಿದ ಅಳತೆಗಳನ್ನೆಲ್ಲ ಮುಗಿಸಿ ಹೊರಬರುವಾಗ ಮಟಮಟ ಮಧ್ಯಾಹ್ನ. ಅತ್ತೆ ನಿಂತಿದ್ದ ಗೇಟಿನತ್ತ ಓಡಿದೆ.

“ಪಾಸಾದೆ ಅತ್ತೆ!”

“ಅದಿರ್ಲಿ, ಮೊದ್ಲು ಹೊದ್ಕ” ಎಂದು ಕಂಬಳಿ ಬಿಡಿಸಿದರು. ಆ ಉರಿಬಿಸಿಲಿನಲ್ಲಿ, ನೋಡಿದವರೆಲ್ಲ ನಗುತ್ತಿದ್ದರೂ, ಬಸ್ ನಿಲ್ದಾಣದವರೆಗೆ ನಾನು ಕಂಬಳಿ ಹೊದ್ದುಕೊಂಡೇ ನಡೆದೆ.