ಪೂಜೆಯ ನೋಟಿನ ಮೇಲೆ ಕಿತ್ತೂರಿನ ರಾಣಿ

ದೀಪಾವಳಿಯ ಪ್ರಸಾದಕ್ಕೆ ನಮ್ಮ ಚಿತ್ತವಾಡ್ಗಿಯ ಅಂಗಡಿಗೆ ಬಂದ ಪೊಲೀಸ್ ದಫೇದಾರರು, ಲಕ್ಷ್ಮಿಯ ಮುಂದೆ ಪೂಜೆಗಿಟ್ಟಿದ್ದ ಹತ್ತು ರೂಪಾಯಿ ನೋಟಿನತ್ತ ಬಗ್ಗಿದರು. ಆ ನೋಟಿನಲ್ಲಿದ್ದ ಬ್ರಿಟಿಷ್ ದೊರೆಯ ಮುಖದ ಮೇಲೆ ಅತ್ತಿಗೆ ತಾನೇ ಬರೆದ ಕಿತ್ತೂರು ರಾಣಿಯ ಚಿತ್ರವನ್ನು ಗಂಜಿಯಿಂದ ಅಂಟಿಸಿದ್ದಳು.

"ಲಕ್ಷ್ಮಿ ಅಂತ ಇಟ್ಟು, ಗಂಡಸಿನ ಹಣಿಗೆ ಕುಂಕುಮ ಹಚ್ಚೋದೇನ?" ಎಂದಿದ್ದಳು. ಹಾಗಾದರೆ ಯಾರಾದರೂ ಶರಣೆಯನ್ನು ಹಾಕೋಣ, ಯಾರೂ ಕೇಳುವುದಿಲ್ಲ ಎಂದಿದ್ದೆ. "ಎಲ್ಲಾ ಬಿಟ್ಟು ಹ್ವಾದಾಕಿನ್ನ ತಂದು ರೊಕ್ಕದ ಮ್ಯಾಲೆ ಕುಂದ್ರಸ್ತೀಯೇನ?" ಎಂದು ನಕ್ಕಿದ್ದಳು.

ಚಳವಳಿಯವರನ್ನು ಹಿಡಿದು ಬಳ್ಳಾರಿ ಜೈಲಿಗೆ ತುಂಬುತ್ತಿದ್ದ ದಿನಗಳವು. ಅಂಗಡಿ ಅಣ್ಣನ ಹೆಸರಿನಲ್ಲಿತ್ತು.

ದಫೇದಾರರು ಬಹಳ ಹೊತ್ತು ನೋಡಿದರು. ಆಮೇಲೆ ಲಕ್ಷ್ಮಿಯ ಹಾರದಿಂದ ಒಂದು ಚೆಂಡುಹೂವನ್ನು ಕಿತ್ತು ರಾಣಿಯ ಮುಖದ ಮೇಲಿಟ್ಟರು. "ತಂಗೆವ್ವ, ಹೂವು ತೆಗೀಬ್ಯಾಡ್ರಿ. ಹಿಂದ ಸಾಹೇಬ್ರು ಬರಾಕತ್ತಾರ" ಎಂದು ಅತ್ತಿಗೆಗೆ ಪಿಸುಗುಟ್ಟಿದರು.

ಸಾಹೇಬರು ಬಂದರು, ಕೈ ಮುಗಿದರು, ಮಂಡಕ್ಕಿ ಬೆಲ್ಲ ತಿಂದು ಹೋದರು.

ಅವರು ಓಣಿಯ ತಿರುವು ದಾಟಿದ ಕೂಡಲೇ ನಾನು ಆ ನೋಟನ್ನು ಪೂಜೆಯ ದೀಪಕ್ಕೇ ಹಿಡಿದೆ. ಅತ್ತಿಗೆ ತಡೆಯಲಿಲ್ಲ, ಬೈಯಲೂ ಇಲ್ಲ. ಅಂದಿನ ಹೆದರಿಕೆ ಈಗ ಹೋಗಿದೆ. ಸುಡುವ ಮೊದಲು ಆಕೆಯನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬುದು ಮಾತ್ರ ಉಳಿದಿದೆ.